ಮೇಷ್ಟ್ರ ಇಪ್ಪತ್ತೆರಡು ಅಡಿ ನೆಲ

೨೦೨೩ರಲ್ಲಿ ನಾನು ಜೆ.ಪಿ. ನಗರದ ಒಂದು ಸಣ್ಣ ಫ್ಲೋರಿಂಗ್ ಕಂಪನಿಯಲ್ಲಿ ಸೈಟ್ ಸೂಪರ್‌ವೈಸರ್ ಆಗಿದ್ದೆ. ಸಿವಿಲ್ ಡಿಪ್ಲೊಮಾ ಮುಗಿಸಿ, ಇಪ್ಪತ್ತಾರು ವರ್ಷ ಜನರ ಮನೆಗೆ ನೆಲ ಹಾಕಿಸುವುದರಲ್ಲೇ ಕಳೆದಿದ್ದೆ. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಕೆಲಸ ಗೊತ್ತೆಂಬ ಜಂಬವಂತೂ ಕೇಳಲೇಬೇಡಿ. ಅದು ಇಳಿದದ್ದು ಬನಶಂಕರಿ ಎರಡನೇ ಹಂತದ ಒಂದು ಮನೆಯಲ್ಲಿ.

ಮನೆ ವಸುಧಾ ಎಂಬ ಬ್ಯಾಂಕ್ ಉದ್ಯೋಗಿಯದು. ಅವರ ತಂದೆ ಶ್ರೀಕಂಠಯ್ಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ನಾಲ್ಕು ತಿಂಗಳ ಹಿಂದೆ ಸ್ಟ್ರೋಕ್ ಆಗಿ, ಬಲಗಾಲು ಎತ್ತಲಾಗದೆ ಎಳೆದುಕೊಂಡು ನಡೆಯುತ್ತಿದ್ದರು. ಅವರ ಕೋಣೆಯಿಂದ ಹಾಲ್ ದಾಟಿ ಬಾತ್‌ರೂಮಿಗೆ ಇಪ್ಪತ್ತೆರಡು ಅಡಿ. ಅಷ್ಟನ್ನು ಯಾರ ಕೈಯನ್ನೂ ಹಿಡಿಯದೆ, ಗೋಡೆ ಸವರಿಕೊಂಡು, "ಲೆಫ್ಟ್, ರೈಟ್" ಎನ್ನುತ್ತ ತಾವೇ ಹೋಗಿ ಬರಬೇಕೆಂಬುದು ಅವರ ಹಟ.

ತೊಂದರೆ ಕೊಡುತ್ತಿದ್ದದ್ದು ಹಾಲಿನ ನೆಲ. ಕೈಯಲ್ಲಿ ಮಾಡಿದ ಟೆರಾಕೋಟಾ ಟೈಲ್ಸ್, ಒಂದರಂತೆ ಇನ್ನೊಂದಿಲ್ಲ. ಕೆಲವಂತೂ ಪಕ್ಕದ್ದಕ್ಕಿಂತ ಆರು ಮಿಲಿಮೀಟರ್ ಎದ್ದಿದ್ದವು. ಆ ಅಂಚಿಗೆ ಹೆಬ್ಬೆರಳು ತಗುಲಿ ಮೇಷ್ಟ್ರು ಆಗಲೇ ಎರಡು ಸಲ ಮುಗ್ಗರಿಸಿದ್ದರು.

"ಒಂದ್ಸಲ ಬಿದ್ಬಿಟ್ರೆ ಮತ್ತೆ ನಡೆಯೋ ಧೈರ್ಯಾನೇ ಹೋಗುತ್ತೆ ಅಂದಿದಾರೆ ಡಾಕ್ಟ್ರು" ಎಂದರು ವಸುಧಾ.

ಮೇಷ್ಟ್ರು ಮಗಳ ಮಾತನ್ನು ಅಲ್ಲಿಗೇ ತಡೆದರು. "ಇಂಜಿನಿಯರಮ್ಮ, ಬಾತ್‌ರೂಮಿಗೆ ನಾನೊಬ್ನೇ ಹೋಗ್ಬೇಕು. ಅಷ್ಟು ಮಾಡ್ಕೊಡಿ, ಸಾಕು."

ಕೆಲಸ ಆರು ದಿನ ಹಿಡಿಯಿತು. ಮೇಸ್ತ್ರಿ ಮುನಿರಾಜು ಸಾರಕ್ಕಿಯವನು, ಹದಿನೈದು ವರ್ಷದಿಂದ ನನ್ನ ಜೊತೆಗಿದ್ದವನು. ರಸಮಟ್ಟ ಇಟ್ಟು, ಎದ್ದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡ. ತೀರಾ ಎದ್ದಿದ್ದ ಹದಿನಾಲ್ಕು ಟೈಲ್ಸ್ ಕಿತ್ತು, ಕೆಳಗಿನ ಗಾರೆ ಕೆರೆದು ಮತ್ತೆ ಕೂರಿಸಿದ. ಉಳಿದವುಗಳ ಅಂಚನ್ನು ಗ್ರೈಂಡರ್ ಹಿಡಿದು ಉಜ್ಜಿದ. ಇಲ್ಲೊಂದು ವಿಷಯ ಹೇಳಬೇಕು. ಗೂಡಿನ ಬೆಂಕಿಗೆ ಟೆರಾಕೋಟಾದ ಮೇಲ್ಮೈ ಗಟ್ಟಿಯಾಗಿ ಕೆಂಪೇರಿರುತ್ತದೆ. ಉಜ್ಜಿದರೆ ಆ ಪದರ ಹೋಗಿ ಒಳಗಿನ ಪೇಲವ ಮಣ್ಣು ಕಾಣುತ್ತದೆ. ನೆಲವೇನೋ ಚೆನ್ನಾಗಿ ಮಟ್ಟಕ್ಕೆ ಬಂತು, ಆದರೆ ಹಾಲಿನ ತುಂಬ ಮಾಸಲು ಮಚ್ಚೆ. ಥೂ, ಇದು ನಾನು ಮಾಡಿಸಿದ ಕೆಲಸವೇ ಎನ್ನಿಸಿತು.

ಟೆರಾಕೋಟಾ ನೀರು ಕುಡಿಯದಿರಲು ಕೊನೆಗೆ ಸೀಲರ್ ಹಚ್ಚುತ್ತೇವೆ. ಒಂದು ಬಗೆಯದು ಒಳಗೆ ಇಂಗಿ ಕಣ್ಣಿಗೇ ಕಾಣುವುದಿಲ್ಲ. ಇನ್ನೊಂದು ಮೇಲೆ ಹೊಳೆಯುವ ಪದರವಾಗಿ ನಿಲ್ಲುತ್ತದೆ. ಹಚ್ಚಬೇಕೆಂದುಕೊಂಡಿದ್ದದ್ದು ಮೊದಲನೆಯದು. ನಾನು ಎರಡನೆಯದನ್ನು ತರಿಸಿದೆ. ಹೊಳಪಿನಲ್ಲಿ ಮಚ್ಚೆ ಮುಚ್ಚಿಹೋಗಲಿ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಮುನಿರಾಜುಗೆ ಒಂದು ರೂಢಿಯಿತ್ತು. ಯಾವ ನೆಲ ಮುಗಿಸಿದರೂ ಒಂದು ಮಗ್ ನೀರು ಚೆಲ್ಲಿ, ಬರಿಗಾಲಲ್ಲಿ ಒಮ್ಮೆ ನಡೆದು ನೋಡುತ್ತಿದ್ದ. ಸೀಲರ್ ಒಣಗಿದ ಮೇಲೆ ಅವತ್ತೂ ಮಗ್ ಹಿಡಿದು ಬಂದ.

"ಮೇಡಂ, ಒಂದ್ಸಲ ನಡೆದು ನೋಡ್ಬಿಡ್ತೀನಿ."

"ಸುಮ್ನಿರಪ್ಪ ಮಾರಾಯ, ಫೋಟೊ ತೆಗೀಬೇಕು. ನೀರು ಚೆಲ್ಲಿ ಕಲೆ ಮಾಡ್ಬೇಡ" ಎಂದು ಗದರಿದೆ.

ಅವನು ಮಗ್ ಕೆಳಗಿಟ್ಟ. ನಾನು ಶೂ ಹಾಕಿಕೊಂಡೇ ಮೂಲೆ ಮೂಲೆಯಿಂದ ಫೋಟೊ ತೆಗೆದುಕೊಂಡೆ.

ಕೆಲಸ ಮುಗಿದ ಮೂರನೇ ಬೆಳಿಗ್ಗೆ ವಸುಧಾ ಫೋನ್ ಮಾಡಿದರು. ಬಾತ್‌ರೂಮಿನಿಂದ ಒದ್ದೆ ಕಾಲಲ್ಲಿ ಬರುತ್ತಿದ್ದ ಮೇಷ್ಟ್ರು ನಾಲ್ಕನೇ ಹೆಜ್ಜೆಗೇ ಜಾರಿ ಬಿದ್ದಿದ್ದರು. ಹೋಗಿ ನೋಡಿದರೆ ಎಡ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೆಲ ಮಟ್ಟವಾಗೇ ಇದೆಯಮ್ಮ. ನನ್ನ ಕಾಲೇ ಸರಿ ಇಲ್ಲ" ಎಂದರು.

ನನಗೆ ತಡೆಯಲಾಗಲಿಲ್ಲ. "ಇಲ್ಲ ಮೇಷ್ಟ್ರೇ, ತಪ್ಪು ನಂದು. ಮಚ್ಚೆ ಮುಚ್ಚೋಕೆ ನಾನೇ ಹೊಳಪು ಹಾಕಿಸ್ದೆ, ಒದ್ದೆಯಾದ್ರೆ ಅದು ಜಾರುತ್ತೆ. ಮುನಿರಾಜು ನಡೆದು ನೋಡ್ತೀನಿ ಅಂದ, ನಾನೇ ಬೇಡ ಅಂದೆ."

"ಹೊಳಪು ಬೇಕು ಅಂತ ನಿಮ್ಮನ್ನ ಯಾರು ಕೇಳಿದ್ರು ಮೇಡಂ?" ಎಂದರು ವಸುಧಾ. ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ.

ಆ ಪದರವನ್ನು ಕೆಮಿಕಲ್ ಹಾಕಿ, ಗಡುಸು ಬ್ರಷ್ಷಿನಲ್ಲಿ ಉಜ್ಜಿ ತೆಗೆಯಲು ಮೂರು ದಿನ ಬೇಕಾಯಿತು. ನಾನೂ ಮುನಿರಾಜು ಪಕ್ಕದಲ್ಲಿ ಮಂಡಿಯೂರಿ ಉಜ್ಜಿದೆ. ಮಚ್ಚೆಗಳೆಲ್ಲ ಮತ್ತೆ ಮೇಲೆ ಬಂದವು. ಬರಲಿ ಬಿಡು ಎಂದುಕೊಂಡೆ. ಈ ಸಲ ಇಂಗುವ ಸೀಲರ್ ಹಚ್ಚಿ ಒಣಗಲು ಬಿಟ್ಟೆವು. ಮಾರನೆಯ ದಿನ ಮುನಿರಾಜು ನನ್ನ ಮುಖ ನೋಡಿ ಮಗ್ ಎತ್ತಿಕೊಂಡ. ನಾನು ಶೂ, ಸಾಕ್ಸ್ ಬಿಚ್ಚಿ, ಅವನು ಚೆಲ್ಲಿದ ನೀರಿನಲ್ಲಿ ಮೇಷ್ಟ್ರ ಹಾಗೆಯೇ ಬಲಗಾಲು ಎಳೆಯುತ್ತ ಆ ತುದಿಯಿಂದ ಈ ತುದಿಗೆ ನಡೆದೆ. ಅಂಗಾಲಿಗೆ ನೆಲ ಹಿಡಿಯುತ್ತಿತ್ತು, ಜಾರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿಸಿದ ನೆಲವನ್ನು ಬರಿಗಾಲಲ್ಲಿ ಮುಟ್ಟಿದ್ದು ಅದೇ ಮೊದಲು.

ಮೇಷ್ಟ್ರು ಕುರ್ಚಿಯಿಂದಲೇ ನೋಡುತ್ತಿದ್ದರು. ನಿಧಾನವಾಗಿ ಬಲಗಾಲು ಕೆಳಗಿಟ್ಟು, ಬೆರಳುಗಳಿಂದ ಟೈಲ್ಸ್ ಸವರಿದರು. ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು.

"ಇವತ್ತು ಬೇಡಮ್ಮ" ಎಂದರು.

ನೆಲವನ್ನು ಮಟ್ಟ ಮಾಡುವುದು ಬೇರೆ, ನುಣುಪು ಮಾಡುವುದು ಬೇರೆ. ಇದನ್ನು ಡಿಪ್ಲೊಮಾದಲ್ಲೇ ಓದಿದ್ದೆ, ಆದರೆ ಯಾರ ಕಾಲಿಗಾಗಿ ಕೆಲಸ ಮಾಡುತ್ತಿದ್ದೇನೆ ಎಂಬುದನ್ನು ಮರೆತು ನನ್ನ ಕಣ್ಣಿಗೆ ಚೆಂದ ಕಾಣಿಸಲು ಹೊರಟಿದ್ದೆ. ಆಮೇಲೆ ಆ ಕೆಲಸ ಬಿಡುವವರೆಗೂ ಸೈಟಿಗೆ ಹೋದೊಡನೆ ಶೂ ಬಿಚ್ಚುತ್ತಿದ್ದೆ. ಹುಡುಗರು ಹಿಂದಿನಿಂದ ನಗುತ್ತಿದ್ದರು. ನಗಲಿ.

ಕಳೆದ ತಿಂಗಳು ಮೇಷ್ಟ್ರನ್ನು ನೋಡಲು ಹೋಗಿದ್ದೆ. ಕಾಫಿ ಕೊಡಿಸಿದರು, ಮೊಮ್ಮಗಳ ಶಾಲೆಯ ಸ್ಪೋರ್ಟ್ಸ್ ಡೇ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಆಮೇಲೆ ಮಗಳನ್ನು ಕರೆದರು. ವಸುಧಾ ಬಂದು ತೋಳು ಹಿಡಿದರು. ಆ ಮಚ್ಚೆ ಮಚ್ಚೆ ನೆಲದ ಮೇಲೆ ಇಬ್ಬರೂ ಬಾತ್‌ರೂಮಿನ ಕಡೆ ನಡೆದರು. ಮೇಷ್ಟ್ರು "ಲೆಫ್ಟ್, ರೈಟ್" ಎನ್ನಲಿಲ್ಲ. ಅವರು ನನ್ನನ್ನು ಕೇಳಿದ್ದದ್ದು ಒಬ್ಬನೇ ಹೋಗಬೇಕು ಎಂಬುದೊಂದನ್ನೇ.