ಬಾಣಂತಿಗೆ ಮಜ್ಜಿಗೆ

ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಗೋಡೆಗೆ ಒರಗಿ ಮೈಲಮ್ಮ ಮಜ್ಜಿಗೆ ಮಾರುತ್ತಾಳೆ. ಹಸಿಮೆಣಸಿನಕಾಯಿ, ಶುಂಠಿ ಜಜ್ಜಿ ಹಾಕಿದ ಮಜ್ಜಿಗೆ. ಕೊಟ್ಟೂರು ಬಸ್ಸಿನ ಡ್ರೈವರು ಹಾರ್ನ್ ಹೊಡೆದು ಕರೆದರೂ ಅವಳು ಎದ್ದು ಹೋಗುವುದಿಲ್ಲ. ಎಡಗಾಲು ಚಿಕ್ಕಂದಿನ ಜ್ವರದಲ್ಲೇ ಸೋತಿದೆ. ನಡೆಯಲು ಕೋಲು ಬೇಕು. “ಇಳಿದು ಬಾರಪ್ಪ, ನಿನಗರ ಎರಡು ಕಾಲು ಅದಾವಲ್ಲ” ಎನ್ನುತ್ತಾಳೆ.

ಒಂದು ಮಧ್ಯಾಹ್ನ ಮಜ್ಜಿಗೆ ಕುಡಿಯಲು ಬಂದ ನಿವೃತ್ತ ನರ್ಸ್ ಫಿಲೋಮಿನಮ್ಮ ಅವಳ ಕಾಲು ನೋಡಿ ವೇಳಾಂಗಣಿಯ ಕತೆ ಹೇಳಿದರು. ಕಡಲ ದಂಡೆಯ ಆ ಊರಲ್ಲಿ, ನಡೆಯಲಾರದ ಹುಡುಗನೊಬ್ಬ ಆಲದ ಮರದಡಿ ಮಜ್ಜಿಗೆ ಮಾರುತ್ತಿದ್ದನಂತೆ. ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಬಂದು, ಮಗುವಿಗೆ ಒಂದಿಷ್ಟು ಕೊಡಪ್ಪ ಅಂದಳಂತೆ. ಕೊಟ್ಟ. ಎದ್ದು ಓಡಿದ. ಬಂದವರು ಮಾತೆ ಮರಿಯಮ್ಮ. ನೂರಾರು ವರ್ಷ ಕಳೆದರೂ ಜನ ಇಂದಿಗೂ ಅಲ್ಲಿಗೆ ಬರಿಗಾಲಲ್ಲಿ ನಡೆಯುತ್ತಾರೆ. ನಮ್ಮ ಪುಟ್ಟ ಚರ್ಚಿನಲ್ಲೂ ಸೆಪ್ಟೆಂಬರಿನಲ್ಲಿ ಅವರ ಹಬ್ಬವಿದೆ ಎಂದರು.

ಅಂದಿನಿಂದ ಮೈಲಮ್ಮ ಬಸ್ಸಿಳಿಯುವ ಪ್ರತಿ ಕೂಸಿನ ತಾಯಿಯ ಮುಖ ನೋಡತೊಡಗಿದಳು.

“ಏನಬೇ ಮೈಲಕ್ಕ, ಮಜ್ಜಿಗಿ ಕೊಟ್ಟು ಕಾಲು ತಗೊಳ್ಳಾಕಿ ಏನು?” ಪಕ್ಕದಲ್ಲಿ ಶೇಂಗಾ ಮಾರುವ ರಾಮಾಂಜಿನಿ ಕೆಣಕಿದ.

“ಕಾಲು ಬರ್ಲಿ, ಮೊದಲ್ನೇ ಒದಿ ನಿನಗ ಲೇ.”

ಹಬ್ಬದ ದಿನ ಫಿಲೋಮಿನಮ್ಮನ ಜೊತೆ ಆಟೋ ಹತ್ತಿದಳು. ತೊಡೆಯ ಮೇಲೆ ಮಜ್ಜಿಗೆಯ ತಂಬಿಗೆ. ಕೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು: “ಓಡೂದು ಬ್ಯಾಡವ್ವ, ಕೋಲಿಲ್ಲದ ನಡದ್ರ ಸಾಕು.”

ಮೇಣದ ಬತ್ತಿಗಳ ನಡುವೆ ಮಾತೆ ನಿಂತಿದ್ದರು. ಜರಿಸೀರೆ, ತಲೆಮುಚ್ಚಿದ ಸೆರಗು, ಕೈಯಲ್ಲಿ ಎಳೆಗೂಸು. ಸರದಿ ಬಂದಾಗ ತಂಬಿಗೆ ಎತ್ತಿದ ಮೈಲಮ್ಮ ಹಾಗೇ ನಿಂತುಬಿಟ್ಟಳು.

“ನರ್ಸಮ್ಮ, ಈಕಿ ಬಾಣಂತಿ ಅದಾಳಲ್ರಿ!”

“ಇಡು ಮೈಲಮ್ಮ, ಹಿಂದ ಜನ ನಿಂತಾರ.”

“ತಣ್ಣನ ಮಜ್ಜಿಗಿ, ಅದರಾಗ ಹಸಿಮೆಣಸಿನಕಾಯಿ! ತಾಯಿ ಕುಡಿದದ್ದು ಕೂಸಿಗೆ ಹತ್ತತೈತಿ.”

“ಆ ಹುಡುಗ ಕೊಟ್ಟದ್ದೂ ಮಜ್ಜಿಗೀನ ಅಲ್ಲೇನು?”

“ಗಂಡು ಹುಡುಗಗ ಏನು ತಿಳಿತೈತ್ರಿ ಬಾಣಂತನ!”

ತಂಬಿಗೆ ಅವುಚಿಕೊಂಡು, ಕೋಲೂರುತ್ತ ರಸ್ತೆ ದಾಟಿದಳು. ಕಿರಾಣಿ ಅಂಗಡಿಯಲ್ಲಿ ಓಂಕಾಳು, ಬೆಲ್ಲ ಕೊಂಡು, ಚಾದಂಗಡಿಯಲ್ಲಿ ನೀರಿಗೆ ಹಾಕಿ ಕುದಿಸಿ, ಮಜ್ಜಿಗೆ ಖಾಲಿ ಮಾಡಿದ ತಂಬಿಗೆಗೆ ತುಂಬಿಸಿಕೊಂಡಳು. ತಿರುಗಿ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದು ಜನ ಊಟಕ್ಕೆ ಹೊರಬಿದ್ದಿದ್ದರು. ಬಿಸಿ ತಂಬಿಗೆಯನ್ನು ಮಾತೆಯ ಪಾದದ ಬಳಿ ಇಟ್ಟಳು. ಕೂಸಿಗೆ ದೃಷ್ಟಿಯಾಗದಿರಲೆಂದು ನೆಟಿಗೆ ಮುರಿದಳು. ಹೊರಗೆ ಬಂದಳು.

“ಕಾಲಿಂದು ಕೇಳಿದೇನು?” ಮೆಟ್ಟಿಲ ಬಳಿ ಕಾಯುತ್ತಿದ್ದ ಫಿಲೋಮಿನಮ್ಮ ಕೇಳಿದರು.

“ಬಾಯಿತನ ಬಂದಿತ್ರಿ, ನುಂಗಿದೆ. ಬಾಣಂತಿ ಮುಂದ ನಮ್ಮ ನೋವು ಹೇಳಬಾರದು, ಎದಿಹಾಲು ಬತ್ತತೈತಿ. ಕೂಸು ಒಂದೀಟು ದೊಡ್ಡದಾಗ್ಲಿ, ಆಮ್ಯಾಲೆ ಕೇಳ್ತೀನಿ.”

ಆ ಕೂಸು ಶತಮಾನಗಳಿಂದ ತಾಯಿಯ ಕೈಯಿಂದ ಇಳಿದಿಲ್ಲವೆಂದು ಫಿಲೋಮಿನಮ್ಮ ಹೇಳಲಿಲ್ಲ. ಮೈಲಮ್ಮನ ಪರವಾಗಿ ತಾವೇ ಬೇಡಿಕೊಳ್ಳೋಣವೆಂದು ಒಳಗೆ ಹೋಗಿ ಮೊಣಕಾಲೂರಿದರು. ತಂಬಿಗೆಯಿಂದ ಆವಿ ಏಳುತ್ತಿತ್ತು. ಅದರಾಚೆ, ಕೂಸಿನ ಕಡೆ ವಾಲಿದಂತಿದ್ದ ಆ ಎಳೆಯ ಮುಖ. ಇಷ್ಟು ವರ್ಷ ಆ ಮುಖದೆದುರು ಏನೆಲ್ಲ ಹೇಳಿಕೊಂಡು ಅತ್ತಿದ್ದರು. ಇಂದು ಏನೂ ಬೇಡದೆ, ಜೋಡಿಸಿದ್ದ ಕೈ ಬಿಡಿಸಿದರು.

ಮೆಲ್ಲಗೆ ಎದ್ದು, ಗಾಳಿ ನುಗ್ಗದಂತೆ ಬಾಗಿಲನ್ನು ಮುಂದೆಳೆದು ಬಂದರು.