ಬನಶಂಕರಿಯಲ್ಲಿ ಸಿಕ್ಕ ಸಮುದ್ರ

ಸಂಶೋಧನೆಗೆಂದು ನಾನು ಬೆಟ್ಟದಿಂದ ಹೊತ್ತು ತಂದಿದ್ದ ಒಂದೇ ಕಲ್ಲನ್ನು ಪ್ರಯೋಗಾಲಯದವರು ಹಿಂದಕ್ಕೆ ಕೊಟ್ಟರು. ಮಳೆಗಾಳಿಗೆ ಶಿಥಿಲವಾಗಿದೆ, ಪರೀಕ್ಷೆಗೆ ಸಂಜೆಯೊಳಗೆ ಇದರ ಗಟ್ಟಿ ಭಾಗ ಕೊಯ್ಯಿಸಿ ತನ್ನಿ ಎಂದರು. ನಮ್ಮ ಮನೆತನದ ಮೊದಲ ಪದವೀಧರ ನಾನು, ಓದಿದ್ದೂ ಭೂವಿಜ್ಞಾನವನ್ನೇ. ಇದು ನನಗೇ ಗೊತ್ತಾಗಬೇಕಿತ್ತು. ಬನಶಂಕರಿ ಬಸ್ ನಿಲ್ದಾಣದ ಹತ್ತಿರದ ಗ್ರಾನೈಟ್ ಅಂಗಡಿಗೆ ಹೋದೆ. ಕಲ್ಲು ಕೊಯ್ಯುವ ಮುನಿಯಪ್ಪಣ್ಣ ಅದನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಕಿವಿಗೊಟ್ಟರು.

"ಈ ಕಡೆ ಸತ್ತೋಗೈತೆ ಸಾರ್, ಆ ಕಡೆ ಜೀವ ಐತೆ. ಅಂಥದ್ದೇನೈತೆ ಇದ್ರಲ್ಲಿ?"

"ಹಿಂದೆ ಸಮುದ್ರ ಇತ್ತು ಅನ್ನೋದಕ್ಕೆ ಸಾಕ್ಷಿ ಅಣ್ಣ. ಅದರ ತಳ ಭೂಮಿಯೊಳಕ್ಕೆ ಜಾರಿ ಹೋಯ್ತು. ಜೊತೆಗೆ ಹೋದ ನೀರಿಂದ ಒಳಗಿನ ಬಂಡೆ ಕರಗಿ, ಮೇಲೆ ಬಂದು ಆರಿದ್ದೇ ಈ ಕಲ್ಲು."

"ನಮ್ಮ ನಲ್ಲೀಲೇ ನೀರಿಲ್ಲ, ನಿಮ್ ಕಲ್ಲಲ್ಲಿ ಸಮುದ್ರಾನಾ!" ಎಂದು ನಕ್ಕು, ಸತ್ತ ಕಡೆಗೂ ಜೀವ ಇದ್ದ ಕಡೆಗೂ ನಡುವೆ ಸೀಮೆಸುಣ್ಣದ ಗೆರೆ ಎಳೆದು ಮೆಷಿನ್ನಿಗೆ ಕೊಟ್ಟರು. ಗಟ್ಟಿ ತುಂಡಿನ ಕೊಯ್ದ ಮುಖದಲ್ಲಿ ಕಪ್ಪು ಹರಳುಗಳು ಮಿನುಗಿದವು. ಶಿಥಿಲದ ಗುರುತೇ ಇರಲಿಲ್ಲ. ಇಷ್ಟು ಓದಿದ ನನಗೆ ಕಾಣದ ಗಡಿ ಅವರ ಕಿವಿಗೆ ಸಿಕ್ಕಿತ್ತು.

ಸತ್ತ ತುಂಡನ್ನು ಅವರು ಎಸೆಯಲಿಲ್ಲ. ಗಿರಾಕಿಗಳಿಗೆ ತೋರಿಸುವ ಸ್ಯಾಂಪಲ್ ಕಲ್ಲುಗಳ ಸಾಲಿನಲ್ಲಿಟ್ಟರು.

"ಯಾರಾದ್ರೂ ರೇಟ್ ಕೇಳಿದ್ರೆ?" ಎಂದೆ.

"ಮೊದ್ಲು ಸಮುದ್ರದ ಕತೆ ಹೇಳ್ತೀನಿ. ಆಮೇಲೆ ಕೊಡಲ್ಲ ಅಂತೀನಿ."