ಮೇಲಿನ ಹುಕ್ಕು

ಮೊದಲು ನಾನು ದೂರಿದ್ದು ಹುಕ್ಕನ್ನು.

ಒಂದು ಬೆಳಿಗ್ಗೆ ನನ್ನ ರವಿಕೆಯ ಹುಕ್ಕು ಎದುರಿನ ಕುಣಿಕೆಗೆ ಸಿಗಲೇ ಇಲ್ಲ. ಬಳ್ಳಾರಿಯಲ್ಲಿ ಅರ್ಧ ಆಯುಷ್ಯ ಊರವರ ರವಿಕೆ ಹೊಲಿದವಳು ನಾನು. ಈಗಿನ ಮಾಲೇ ಕಳಪೆ ಎಂದು ಅಂಗಡಿಯವನಿಗೆ ಬೈದೆ. ದೊಡ್ಡ ಹುಕ್ಕು ತಂದು, ಸೂಜಿ ಕೈ ಜಾರುತ್ತಿದ್ದರೂ ಹಟಕ್ಕೆ ಬಿದ್ದು ಹಚ್ಚಿಕೊಂಡೆ. ಅವೂ ಸಿಗಲಿಲ್ಲ. ಸೆರಗನ್ನು ಮೈತುಂಬ ಹೊದ್ದು ಓಡಾಡಿದೆ. ಇರುವವಳು ಒಬ್ಬಳೇ. ಇಂಥದ್ದಕ್ಕೆ ಯಾರನ್ನು ಕರೆಯುವುದು?

ಸಿರುಗುಪ್ಪದಲ್ಲಿರುವ ತಂಗಿ ಗಿರಿಜಾಳನ್ನು ನೋಡಲು ಹೋದಾಗ ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ಅಕ್ಕಾ, ಇನ್ನೊಂದು ಚಪ್ಪಲಿ ಎಲ್ಲೈತಿ?"

ಅದು ಎಲ್ಲಿ ಜಾರಿತೋ, ಕಾಲಿಗೆ ಗೊತ್ತೇ ಆಗಿರಲಿಲ್ಲ.

ಅವಳೇ ಆಸ್ಪತ್ರೆಗೆ ಕರೆದೊಯ್ದಳು. ಎಂಆರ್‌ಐ ಆಯಿತು. ಡಾಕ್ಟರು ಹೇಳಿದರು: "ಕುತ್ತಿಗೀ ಡಿಸ್ಕ್ ಸವದಾವರಿ. ಅಲ್ಲಿ ಇನ್‌ಫ್ಲಮೇಶನ್ ಆಗಿ ಬಾತೈತಿ. ಕೈಕಾಲಿಗೆ ಹೋಗೋ ನರದ ಹುರಿ, ಸ್ಪೈನಲ್ ಕಾರ್ಡ್, ಒತ್ತಿಕೊಂಡೈತಿ."

"ನೋವೇ ಇರಲಿಲ್ಲಲ್ರಿ?"

"ಎಲ್ಲರಿಗೂ ನೋವು ಬರಬೇಕಂತಿಲ್ಲ. ಆಪರೇಷನ್ ಮಾಡಿದ್ರ ಮುಂದ ಕೆಡೋದನ್ನ ತಡೀಬಹುದು. ಕೆಟ್ಟಿದ್ದು ಎಷ್ಟು ವಾಪಸ್ ಬರ್ತೈತೋ, ಈಗ ಹೇಳಾಕಾಗಲ್ಲ."

ಬೆರಳಿನ ಬಲ ವಾಪಸ್ ಬರದಿದ್ದರೆ ಒಬ್ಬಳೇ ಬದುಕುವ ಹಾಗಿಲ್ಲ. ನನಗೆ ಕೇಳಿಸಿದ್ದು ಅಷ್ಟೇ.

ಆ ಇನ್‌ಫ್ಲಮೇಶನ್‌ಗೆ ಕನ್ನಡದಲ್ಲಿ ಉರಿಯೂತ ಅನ್ನುತ್ತಾರಂತೆ. ನನಗೆ ಉರಿಯೂ ಇರಲಿಲ್ಲ, ಊತ ಯಾರ ಕಣ್ಣಿಗೂ ಕಾಣಲಿಲ್ಲ. ಕಾಲು ಮುರಿದಿದ್ದರೆ ದಾರಿಯಲ್ಲಿ ಹೋಗುವವರಾದರೂ ನಿಂತು ಕೇಳುತ್ತಿದ್ದರು. ಕತ್ತಿನೊಳಗೆ ಸದ್ದಿಲ್ಲದೆ ಬಾತದ್ದನ್ನು ಹೊತ್ತು ತಿರುಗುವವಳಿಗೆ "ಚೆನ್ನಾಗೇ ಅದೀಯಲ್ಲ" ಎನ್ನುತ್ತಾರೆ. ಆಗೆಲ್ಲ ನನಗೆ ಸಿಟ್ಟು ಬರುತ್ತಿತ್ತು.

ಆಪರೇಷನ್ ಆಯಿತು. ಕತ್ತಿಗೆ ಕಾಲರ್ ಇದ್ದಷ್ಟು ದಿನ ಗಿರಿಜಾ ನನ್ನ ಜೊತೆಗಿದ್ದಳು. ಬೆಳಿಗ್ಗೆ ಅವಳೇ ಹುಕ್ಕು ಹಾಕುತ್ತಿದ್ದಳು. ಅವಳೂರಲ್ಲಿ ಭತ್ತದ ನಾಟಿ ಶುರುವಾಯಿತು, ಹೊರಟು ನಿಂತಳು.

"ನಮ್ಮನಿಗೇ ಬಂದುಬಿಡಕ್ಕಾ. ಇಲ್ಲಿ ಯಾರದಾರ ನಿನಗ?"

"ಹೊಲಿಗಿ ಮಿಷನ್ ಐತಲ್ಲ" ಎಂದೆ. ಬಟ್ಟೆ ಹಿಡಿದು ದೂಡುವ ಶಕ್ತಿಯೂ ಕೈಗೆ ಬಂದಿರಲಿಲ್ಲ.

ಅವಳು ಹೋದ ಮೇಲೆ, ಅವಳು ಹುಕ್ಕು ಹಾಕಿದ ರವಿಕೆಯನ್ನು ನಾನು ಬಿಚ್ಚಲೇ ಇಲ್ಲ. ಸ್ನಾನ ಬಿಟ್ಟೆ. ಬಿಚ್ಚಿದರೆ ಹಾಕುವವರು ಯಾರು? ಕೊನೆಗೆ ನನ್ನ ಮೈವಾಸನೆಗೆ ನನಗೇ ಹೇಸಿಗೆಯಾಗಿ ಮಿಂದೆ. ಬಾಗಿಲು ಒಂಚೂರು ತೆಗೆದು ಪಕ್ಕದ ಮನೆಯ ಮಾಬುಬೀಯನ್ನು ಕರೆದೆ. ಕರೆಯುವಷ್ಟರಲ್ಲಿ ಅಳು ಬಂತು.

"ಇದಕ್ಯಾಕಕ್ಕಾ ಅಳ್ತಿ? ನನ್ನ ಮದುವಿ ಜಂಪರ್ ನೀನೇ ಹೊಲಿದದ್ದಲ್ಲ?" ಎಂದು ಹುಕ್ಕು ಹಾಕಿದಳು. ಆಮೇಲೆ ಕೂತು ಚಹಾ ಕುಡಿದಳು. ದಿನಾ ಬೆಳಿಗ್ಗೆ ಅದೇ ರೂಢಿಯಾಯಿತು.

ಫಿಜಿಯೋಥೆರಪಿಯಿಂದ ಬೆರಳುಗಳು ನಿಧಾನಕ್ಕೆ ಆಡತೊಡಗಿವೆ. ಡಾಕ್ಟರ ಪುಣ್ಯ. ಕೆಳಗಿನ ಹುಕ್ಕುಗಳನ್ನು ನಾನೇ ಹಾಕಿಕೊಳ್ಳುತ್ತೇನೆ. ಮೇಲಿನದೊಂದು ಮಾಬುಬೀ ಪಾಲಿಗೆ ಉಳಿದಿತ್ತು.

ಮೊನ್ನೆ ಅದೂ ನನ್ನ ಕೈಗೇ ಸಿಕ್ಕಿತು.

ಇಬ್ಬರ ಚಹಾಕ್ಕೆ ನೀರಿಟ್ಟೆ. ಆಮೇಲೆ ಅದನ್ನು ಬಿಚ್ಚಿ, ಬಾಗಿಲು ತೆಗೆದು, ಅವಳನ್ನು ಕರೆದೆ.